ಮಾಡಿನ ಮೇಲೆ ಬಿಳಿ

ನಮ್ಮೂರಿನಲ್ಲಿ ಮನೆಯ ಮಾಡಿನ ಮೇಲೆ ಯಾರೂ ಬಿಳಿ ಒಣಹಾಕುವುದಿಲ್ಲ. ಬಿಳಿ ಬಟ್ಟೆಯಿದ್ದರೆ ಅದು ಅಡುಗೆಮನೆಯ ಹಗ್ಗದ ಮೇಲೆ, ಒಲೆಯ ಕಾವಿನಲ್ಲಿ ಒಣಗಬೇಕು. ಗೋಡೆಗೆ ಸುಣ್ಣವಿಲ್ಲ, ಕೆಮ್ಮಣ್ಣು. ಬಿಳಿ ಕೋಳಿ ಸಾಕಿದವರು ಅದನ್ನು ಗೂಡಿನಿಂದ ಹೊರಗೆ ಬಿಡುವುದಿಲ್ಲ. ತಲೆ ನರೆತವರು ಬೀದಿಗಿಳಿದರೆ ಮುಂಡಾಸು ಸುತ್ತಿಕೊಳ್ಳುತ್ತಾರೆ. ನರೆಗೂದಲಿನಿಂದಾಗಿ ಮರೆಯಾದವರು ಇದುವರೆಗೆ ಯಾರೂ ಇಲ್ಲ. ಆದರೂ ಮೊದಲನೆಯವರಾಗುವ ಆಸೆ ಯಾರಿಗಿರುತ್ತದೆ ಹೇಳಿ?

ಎಲ್ಲ ಮೇಲಿನವರ ದೆಸೆಯಿಂದ. ಮೋಡಕ್ಕಿಂತ, ಗಾಳಿಗಿಂತ ಎಷ್ಟೋ ಮೇಲೆ ಒಂದು ಯಂತ್ರದೊಳಗೆ ಕೂತು ಭೂಮಿಯನ್ನು ಸುತ್ತುತ್ತಿರುವವರು ಅವರು. ಬೆಂಕಿಗುಡ್ಡೆಯಿರುವ ದ್ವೀಪ ಕಂಡರೆ ಅವರಿಗೆ ಎಂಥದೋ ಮರುಳು, ತಟ್ಟನೆ ಚಿತ್ರ ತೆಗೆಯುತ್ತಾರೆ. ನಮ್ಮ ದ್ವೀಪವೆಂದರೆ ಒಂದು ಬೆಂಕಿಗುಡ್ಡೆ, ಅದರ ಕಾಲಬುಡದಲ್ಲಿ ನಾವು. ಗುಡ್ಡೆಯನ್ನು ನಾವು ಅಜ್ಜಿ ಎನ್ನುತ್ತೇವೆ. ಮೇಲಿನವರು ತೆಗೆದ ಚಿತ್ರ ಕಡಲದಂಡೆಯ ಉಪ್ಪಿನ ಗೋದಾಮಿನ ಗೋಡೆಯ ಮೇಲೆ ತಾನಾಗಿಯೇ ಮೂಡುತ್ತದೆ. 'ಚಿತ್ರ ಬಿತ್ತು' ಎಂದು ಕೂಗು ಹೊರಟರೆ ಊರಿಗೆ ಊರೇ ಅಲ್ಲಿಗೆ ಓಡುತ್ತದೆ. ಚಿತ್ರದಲ್ಲಿ ಕಂಡದ್ದು ಊರಿನಲ್ಲಿರುತ್ತದೆ. ಮೋಡ ಮುಚ್ಚಿದ್ದು ಮರೆಗೆ ಹೋಗುತ್ತದೆ, ಮುಂದಿನ ಚಿತ್ರ ಬೀಳುವ ತನಕ. ಅಷ್ಟು ಮೇಲಿನಿಂದ ನೋಡಿದರೆ ಬಿಳಿಯೆಲ್ಲ ಮೋಡವೇ.

ಮರೆಗೆ ಹೋದವರು ಸಾಯುವುದಿಲ್ಲ. ಮನೆ, ಅಂಗಳ, ಬಾವಿ, ಬೆಕ್ಕು ಎಲ್ಲ ಇದ್ದ ಹಾಗೇ ಇರುತ್ತದಂತೆ. ಬಾಗಿಲು ತೆರೆದರೆ ಹೊರಗೆ ಬೆಳ್ಳಗೆ, ಅಷ್ಟೇ. ತಿರುಗಿ ಬಂದವರನ್ನು ಹೇಗಿತ್ತೆಂದು ಕೇಳಿದರೆ, "ನಿದ್ದೆ ಒಳ್ಳೆದಾಯ್ತು" ಎನ್ನುತ್ತಾರೆ. ಒಂದು ಮಳೆಗಾಲದಲ್ಲಿ ಕೆಳಕೇರಿಯ ಇಡೀ ಸಾಲು ಹೋಗಿ ಚೌತಿಯ ಹೊತ್ತಿಗೆ ಹೊರಬಿತ್ತು. ಎಲ್ಲರೂ ದಪ್ಪಗಾಗಿದ್ದರು, ಮೊದಲು ಅನ್ಯೋನ್ಯವಾಗಿದ್ದ ಇಬ್ಬರು ವಾರಗಿತ್ತಿಯರು ಮಾತು ಬಿಟ್ಟಿದ್ದರು. ಅದಕ್ಕೇ ಎಲ್ಲರ ಮನೆಯಲ್ಲೂ ಒಂದು ಮುಡಿ ಅಕ್ಕಿ, ಒಂದು ಭರಣಿ ಒಣಮೀನು ಸದಾ ಇರುತ್ತದೆ. ನಮಗಿದು ರೂಢಿ.

ಒಮ್ಮೆ ಹಡಗಿನವರು ಒಂದು ದೊಡ್ಡ ಚಿತ್ರಪುಸ್ತಕ ತಂದಿದ್ದರು. ಮೇಲಿನಿಂದ ತೆಗೆದ ದ್ವೀಪಗಳೇ ಪುಟಪುಟಕ್ಕೂ. ಅದರಲ್ಲಿ ನಮ್ಮ ಅಜ್ಜಿಯೂ ಇದ್ದಳು, ನೀಲಿಯ ನಡುವೆ ಹೊಗೆಯ ಜಡೆ ಬಿಟ್ಟುಕೊಂಡು. ಕೆಳಗೆ ಇನ್ಯಾವುದೋ ದ್ವೀಪದ ಹೆಸರು ಹಾಕಿ, ಗುಡ್ಡೆಯ ಬಾಯಿ ಎಷ್ಟು ಅಗಲ, ಎಷ್ಟು ಆಳ ಎಂದೆಲ್ಲ ಬರೆದಿದ್ದರು. ಅಲ್ಲಿ ಜನ ಇದ್ದಾರೆಂದು ಒಂದಕ್ಷರವೂ ಇರಲಿಲ್ಲ. ನಮಗೆ ಬೇಸರವಾಯಿತು, ಸುಳ್ಳೇಕೆ ಹೇಳಲಿ.

ನನ್ನ ಅಮ್ಮ ಭವಾನಿ ಬಿಳಿಯ ವಿಷಯದಲ್ಲಿ ಇಡೀ ಊರಿಗೇ ಮೇಷ್ಟ್ರು. ಯಾರ ಹಗ್ಗದ ಮೇಲಾದರೂ ಬಿಳಿ ಟುವಾಲು ಕಂಡರೆ ಬೀದಿಯಿಂದಲೇ ಕೂಗಿ ತೆಗೆಸುವವಳು. ಮದುವೆಯಾಗಿ ಮೂರು ಮನೆಯಾಚೆ ಬಂದ ಮೇಲೂ ನನ್ನ ಹಗ್ಗ ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳಲಿಲ್ಲ. ಅಪ್ಪ ಐತಪ್ಪ ಇದಕ್ಕೆ ತದ್ವಿರುದ್ಧ. ಬಲೆ ನೇಯುವುದೊಂದೇ ಅವರ ಕೆಲಸ, ಮಾತು ಕಡಿಮೆ. ಕಡಲದಂಡೆಯಲ್ಲಿ ಹುಟ್ಟಿ ಬೆಳೆದೂ ಮೀನು ಕೊಯ್ಯುವುದನ್ನು ನೋಡಲಾರದ ಮನುಷ್ಯ. ರಕ್ತ ಕಂಡರೆ ಗೋಡೆ ಹಿಡಿದು ಕೂತುಬಿಡುತ್ತಾರೆ. ಮನೆಯೊಳಗೆ ಅಮ್ಮ ಕೂರು ಎಂದಲ್ಲಿ ಕೂರುತ್ತಾರೆ, ಏಳು ಎಂದಾಗ ಏಳುತ್ತಾರೆ. ಅಮ್ಮ ಇಟ್ಟ ಒಂದು ಚೆಂಬನ್ನೂ ಅವರು ತಾವಾಗಿ ಅತ್ತಿಂದಿತ್ತ ಸರಿಸಿದವರಲ್ಲ. ಅವರ ಸಂಸಾರ ಹಾಗೇ ಸುಖವಾಗಿ ನಡೆದಿತ್ತು.

ಆ ಸಲ ನನ್ನ ತಂಗಿ ವನಜ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಗಂಡ ದೋಣಿಯಲ್ಲಿ ದೂರದ ಕಡಲಿಗೆ ಹೋಗಿದ್ದ. ಸೂಲಗಿತ್ತಿ ಸೆವ್ರಿನಾಬಾಯಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಮಗು ಸರಿ ತಿರುಗ್ಲಿಲ್ಲ ಭವಾನಿಯಕ್ಕಾ. ನೋವು ಶುರುವಾದ ಕೂಡ್ಲೇ ನನ್ನನ್ನು ಕರೀರಿ, ತಡ ಮಾಡ್ಬೇಡಿ" ಎಂದು ಹೇಳಿ ಹೋಗಿದ್ದರು. ಅಮ್ಮ ಮನೆಯಲ್ಲಿದ್ದ ಕೆಂಪು ಬಟ್ಟೆಯನ್ನೆಲ್ಲ ಹರಿದು ಮಗುವಿನ ತುಂಡುಬಟ್ಟೆ ಮಾಡಿಟ್ಟಳು. ಸಂಡಿಗೆ ಹಾಸುವ ಕೆಂಪು ಸೀರೆಯೂ ಅದರಲ್ಲೇ ಹೋಯಿತು.

ಆಮೇಲೆ ನೆನಪಾದದ್ದು ಸಂಡಿಗೆ ಹಿಟ್ಟು ರುಬ್ಬಿಟ್ಟಿದೆ ಎಂದು. ಹಲವು ದಿನಗಳಿಂದ ಆಕಾಶ ಮುಚ್ಚಿತ್ತು, ಹಿಟ್ಟು ಹುಳಿಯಾಗುತ್ತಿತ್ತು. ಅಂದು ಬೆಳಿಗ್ಗೆ ಮೋಡ ಸರಿದು ಊರಿನ ಮೇಲೆಲ್ಲ ಬಿಸಿಲು ಬಿತ್ತು. ಅಮ್ಮ ಕಡಲಿನ ಕಡೆ ನೋಡಿದಳು. ಹಕ್ಕಿಗಳೆಲ್ಲ ನೀರಿನ ಮೇಲೆ ಹಾರಾಡುತ್ತಿದ್ದವು. ಮೇಲಿನವರು ಬರುವ ಸ್ವಲ್ಪ ಮೊದಲು ಕಡಲಹಕ್ಕಿಗಳೆಲ್ಲ ಮರಳಿಗಿಳಿದು ತೆಪ್ಪಗೆ ಕೂರುತ್ತವೆ, ಅದು ನಮಗೆ ಗುರುತು. ಹಕ್ಕಿ ಹಾರಾಡುತ್ತಿದ್ದ ಮೇಲೆ ಹೆದರಿಕೆ ಏಕೆಂದು ಅವಳು ಅಪ್ಪನ ಎರಡು ಬಿಳಿ ಪಂಚೆ ತಾರಸಿಯ ಮೇಲೆ ಹಾಸಿ, ಸಂಡಿಗೆ ಇಟ್ಟಳು. ನಮ್ಮ ತಾರಸಿಯಾದರೂ ಎಷ್ಟು ದೊಡ್ಡದು? ಎರಡು ಪಂಚೆ ಹಾಸಿದರೆ ಮುಗಿಯಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮಧ್ಯಾಹ್ನದ ಸಾರಿಗೆ ಹಸಿಮೆಣಸು ಸಾಲದೆ ಬಂದದ್ದಕ್ಕೆ ಪಕ್ಕದ ಮನೆಗೆ ಹೋದಳು. ಮೆಣಸಿನ ಜೊತೆ ಎರಡು ಮಾತೂ ಆಯಿತು. ಅಷ್ಟರಲ್ಲಿ ಹಕ್ಕಿ ಕೂತವು.

ಗೋಡೆಯ ಮೇಲೆ ಚಿತ್ರ ಬಿದ್ದಾಗ ನಾನು ಅಲ್ಲೇ ಇದ್ದೆ. ನಮ್ಮ ಕೇರಿಯ ನಡುವೆ ಒಂದು ಬಿಳಿ ಚುಕ್ಕೆ. ಯಾರೋ, "ಎಷ್ಟು ಸಣ್ಣ ಮೋಡ ಮಾರಾಯ್ರೇ, ಅಳತೆ ತೆಗ್ದು ಹೊಲಿದ ಹಾಗೆ ಉಂಟು" ಎಂದು ನಕ್ಕರು. ನಾನೂ ನಕ್ಕೆ. ಕೇರಿಗೆ ಬಂದು ನೋಡಿದರೆ ಅಮ್ಮ ಸೆರಗಿನಲ್ಲಿ ಹಸಿಮೆಣಸು ಕಟ್ಟಿಕೊಂಡು ಎರಡು ಗೇಟುಗಳ ನಡುವೆ ಹೋಗುತ್ತಾ ಬರುತ್ತಾ ಇದ್ದಳು. ಈಚೆ ಮನೆಯ ಕಂಪೌಂಡು ಮುಗಿದಲ್ಲಿಯೇ ಆಚೆ ಮನೆಯದು ಶುರುವಾಗಿತ್ತು. ನಡುವೆ ಕೈ ತೂರಿಸುವಷ್ಟೂ ಸಂದಿ ಇರಲಿಲ್ಲ. ನನ್ನ ತವರುಮನೆ ಇರಲಿಲ್ಲ.

"ಅಮ್ಮಾ, ತಾರಸಿ ಮೇಲೆ ಎಂತ ಹಾಕಿದ್ದೆ?"

"ಸಂಡಿಗೆ."

"ಎಂತದರ ಮೇಲೆ?"

ಅಮ್ಮ ಸೆರಗಿನ ಮೆಣಸಿನ ಗಂಟನ್ನು ಬಿಗಿ ಮಾಡಿದಳು. "ಈಗ ಹೋಗಿ ಈಗ ಬಂದದ್ದು ಮಾರಾಯ್ತಿ" ಎಂದಳು. "ವನಜನಿಗೆ ಬೆಳಿಗ್ಗೆಯಿಂದ ಸೊಂಟ ನೋವು ಅಂತ ಇತ್ತು. ಒಳಗೆ ಅಪ್ಪ ಒಬ್ರೇ ಇರುದು."

ಸುದ್ದಿ ಕೇಳಿದ್ದೇ ಸೆವ್ರಿನಾಬಾಯಿ ಚೀಲ ಹಿಡಿದುಕೊಂಡು ಓಡಿ ಬಂದರು. ಇಲ್ಲದ ಮನೆಗೆ ಅವರು ಹೋಗುವುದಾದರೂ ಎಲ್ಲಿಂದ? ಕಂಪೌಂಡಿನ ಗೋಡೆಗೆ ಮುಖ ಮಾಡಿ, "ಐತಪ್ಪಣ್ಣಾ, ನೀರು ಕಾಯಿಸಿ! ಕೈ ತೊಳೀರಿ! ಹೆದರ್ಬೇಡಿ!" ಎಂದು ಕೂಗಿದರು. ಮರೆಗೆ ಹೊರಗಿನ ಮಾತು ಕೇಳುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಕೂಗಿದರು. ಆ ಹೊತ್ತಿಗೆ ಅಷ್ಟಾದರೂ ಮಾಡಿದರಲ್ಲ ಎಂದು ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಆ ದಿನ ಹಕ್ಕಿ ಮತ್ತೆ ಮತ್ತೆ ಕೂತವು, ಎದ್ದವು. ಗೋದಾಮಿನ ಗೋಡೆ ಖಾಲಿ. ಮೇಲಿನವರು ದಿನಕ್ಕೆ ಹಲವು ಸಲ ಹಾದು ಹೋಗುತ್ತಾರೆ, ಆದರೆ ಕಣ್ಣು ಸೆಳೆಯುವಂಥದ್ದು ಏನಾದರೂ ಇದ್ದರೆ ಮಾತ್ರ ಚಿತ್ರ ತೆಗೆಯುತ್ತಾರೆ. ಅಜ್ಜಿ ಹೊಗೆ ಬಿಡಬೇಕು, ಇಲ್ಲವೇ ಕಡಲು ಮಿರಮಿರ ಮಿನುಗಬೇಕು. ಬೇಡವಾದಾಗಲೆಲ್ಲ ಹೊಗೆ ಬಿಡುವ ಅಜ್ಜಿ ಆವತ್ತು ಬಾಯಿ ಮುಚ್ಚಿ ಕೂತಿದ್ದಳು. ಮರುದಿನ ಬೆಳಿಗ್ಗೆಯೂ ಹಾಗೆಯೇ. ಅಮ್ಮ ರಾತ್ರಿಯಿಡೀ ಎರಡು ಗೇಟುಗಳ ನಡುವೆಯೇ ಕೂತಿದ್ದಳು. ಗಂಜಿ ತಂದುಕೊಟ್ಟರೆ ಮುಟ್ಟಲಿಲ್ಲ.

"ಇನ್ನೊಂದು ಚಿತ್ರ ಬಿದ್ರೂ ಎಂತ ಪ್ರಯೋಜನ?" ಎಂದಳು ಕೊನೆಗೆ. "ಪಂಚೆ ಅಲ್ಲಿಯೇ ಉಂಟಲ್ಲ. ಮೇಲಿನವ್ರಿಗೆ ಪುನಃ ಬಿಳಿಯೇ ಕಾಣುದು. ನಾನು ಹೇಳದೆ ನಿನ್ನ ಅಪ್ಪ ಒಂದು ಕಡ್ಡಿ ತೆಗೆದವರಲ್ಲ. ಮೇಲೆ ಸಂಡಿಗೆ ಉಂಟು, ಮುಟ್ಟಬೇಡಿ ಅಂತ ಬೇರೆ ಹೇಳಿ ಬಂದಿದ್ದೇನೆ."

ಅಪ್ಪನನ್ನು ನಾನೂ ಬಲ್ಲೆ. ಮುಟ್ಟಬೇಡಿ ಎಂದರೆ ಮುಟ್ಟದವರು ಅವರು. ಮಳೆ ಬಂದರೂ ಸಂಡಿಗೆಯ ಪಕ್ಕದಲ್ಲಿ ನಿಂತು, ಅಮ್ಮ ಬರಲಿ ಎಂದು ದಾರಿ ನೋಡುವವರು. ಆದರೂ ಸುಮ್ಮನೆ ಕೂರುವುದಕ್ಕಾಗುತ್ತದೆಯೇ? ಸೆವ್ರಿನಾಬಾಯಿಗೆ ಒಂದು ಉಪಾಯ ಹೊಳೆದಿತ್ತು. ಊರಿನವರೆಲ್ಲ ಸ್ಟೀಲಿನ ಹರಿವಾಣ ಹಿಡಿದು ದಂಡೆಯಲ್ಲಿ ನಿಂತು, ಹಕ್ಕಿ ಕೂತ ಕೂಡಲೇ ಬಿಸಿಲಿಗೆ ಹೊಳೆಸುವುದು. ಮೇಲಿನವರು ಇದೇನಪ್ಪಾ ಎಂದು ಬಗ್ಗಿ ನೋಡಿಯೇ ನೋಡುತ್ತಾರೆ.

ಚಿತ್ರವನ್ನು ನಾವಾಗಿ ಕರೆಯುವುದು ನಮ್ಮೂರಿನಲ್ಲಿ ಹಿಂದೆ ಎಂದೂ ನಡೆದಿರಲಿಲ್ಲ. ಪ್ರತಿ ಚಿತ್ರಕ್ಕೂ ಯಾರದೋ ಒಂದು ಮನೆ ಹೋಗುತ್ತದೆ. ಹೋಗಲಿ ಎಂದು ಕರೆಯುವವರು ಯಾರು? ಅಂದು ಊರಿನ ಮೇಲೆ ಆಕಾಶ ತೆರೆದಿತ್ತು. ಒಂದೇ ಒಂದು ಮೋಡ ಅಜ್ಜಿಯ ಮಂಡಿಯ ಮೇಲೆ ಕೂತಿತ್ತು, ಅದರ ಕೆಳಗೆ ಮೋನಪ್ಪಣ್ಣನ ಮನೆ ಮತ್ತು ಬೇಕರಿ. ಮೋಡಗಳಿಗೆ ಆ ಜಾಗ ಬಲು ಇಷ್ಟ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಮರೆಗೆ ಹೋದವನು ಅವನೇ, ಹೆಂಡತಿ ಮಕ್ಕಳಿಲ್ಲದ ಒಂಟಿ. ಮನೆ ಬಿಟ್ಟು ಹೊರಗೆ ಬರೋಣವೆಂದರೆ, ಒಳಗೆ ಯಾರೂ ಇಲ್ಲದೆ ಮರೆಗೆ ಹೋದ ಮನೆ ತಿರುಗಿ ಬಂದದ್ದಿಲ್ಲ. ಕಳೆದ ಸಲ ಬಂದಾಗ ಇನ್ನು ಸತ್ತರೂ ಮರೆಗೆ ಹೋಗಲಾರೆ ಎಂದು ಎಲ್ಲರೆದುರು ಆಣೆ ಹಾಕಿದ್ದ. ಸಾಲದ್ದಕ್ಕೆ ಅವನಿಗೂ ಅಮ್ಮನಿಗೂ ಮಾತಿಲ್ಲ. ಅವನ ಬ್ರೆಡ್ಡನ್ನು ಅಮ್ಮ ಒಮ್ಮೆ ಲಂಗರು ಎಂದು ಕರೆದಿದ್ದಳು, ದೋಣಿಗೆ ಕಟ್ಟಿದರೆ ಅಲೆಗೆ ಅಲ್ಲಾಡುವುದಿಲ್ಲವೆಂದು. ಅಮ್ಮನ ಬಾಯಿಯೇ ಹಾಗೆ. ಅವನ ಹತ್ತಿರ ಕೇಳಲು ನಾನೇ ಹೋಗಬೇಕಾಯಿತು.

ಹೋದಾಗ ಅವನು ಹಿಟ್ಟು ನಾದುತ್ತಿದ್ದ. ತಲೆ ಎತ್ತಲಿಲ್ಲ.

"ಮೋಡ ಯಾರ ಮನೆ ಮೇಲೆ ಕೂತದ್ದು ಅಂತ ಗೊತ್ತುಂಟಾ ನಿನಗೆ?"

"ಗೊತ್ತುಂಟು ಮೋನಪ್ಪಣ್ಣ. ಅದಕ್ಕೇ ಬಂದದ್ದು."

"ನಿದ್ದೆ ಒಳ್ಳೆದಾಯ್ತು ಅಂತ ಎಲ್ಲರೂ ಹೇಳ್ತಾರೆ. ನಾನೂ ಹೇಳ್ತೇನೆ. ಕಳೆದ ಸಲ ಬಂದಾಗ ನನಗೆ ನನ್ನ ಸ್ವಂತ ಅಣ್ಣನ ಹೆಸರು ನೆನಪಾಗ್ಲಿಲ್ಲ, ಗೊತ್ತುಂಟಾ? ಒಬ್ಬನೇ ಕೂತು ಕೂತು ಒಲೆಯ ಹತ್ರ ಮಾತಾಡ್ತಿದ್ದೆ. ಅದು ಉತ್ತರ ಕೊಟ್ಟ ಹಾಗೂ ಆಗ್ತಿತ್ತು."

ಕೇಳಲು ಬಂದದ್ದೇ ಪಾಪವೆನಿಸಿತು. ತಿರುಗಿ ಹೋಗಲು ತಂಗಿಯ ಮುಖ ಬಿಡಲಿಲ್ಲ.

"ಐತಪ್ಪ ಒಬ್ಬನೇ ಇರುದಾ ಒಳಗೆ?" ಎಂದು ಅವನೇ ಕೇಳಿದ.

"ಹೌದು."

"ಅವನಿಗೆ ರಕ್ತ ಕಂಡ್ರೆ ತಲೆ ತಿರುಗ್ತದಲ್ಲ?"

"ಹೌದು."

ಮೋನಪ್ಪಣ್ಣ ಕೈಗೆ ಮೆತ್ತಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಬಿಡಿಸಿದ. ಆಮೇಲೆ ಒಳಗೆ ಹೋಗಿ ಅಂದಿನ ಬ್ರೆಡ್ಡನ್ನೆಲ್ಲ ಗೋಣಿಗೆ ತುಂಬಿಸಿ ನನ್ನ ಕಾಲಬುಡದಲ್ಲಿಟ್ಟ. "ಇದನ್ನು ದಂಡೆಯಲ್ಲಿದ್ದವರಿಗೆ ಕೊಡು. ಒಳಗೆ ನಾನೊಬ್ಬ ಎಷ್ಟು ತಿನ್ನುದು? ಮೋಡ ಸರಿಯುವ ತನಕ ಕಾಯ್ಲಿಕ್ಕೆ ಹೆರಿಗೆಗೆ ಪುರುಸೊತ್ತು ಇರುದಿಲ್ಲ. ಹೋಗು, ಹರಿವಾಣ ಹಿಡೀರಿ." ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದ. "ಇದು ಐತಪ್ಪನಿಗಾಗಿ ಅಂತ ನಿನ್ನ ಅಮ್ಮನ ಹತ್ರ ಹೇಳು. ಅವಳಿಗಾಗಿ ಅಲ್ಲ!"

ನನಗೆ ತಿರುಗಿ ಹೋಗಿ ಅವನ ಕಾಲಿಗೆ ಬೀಳಬೇಕೆನಿಸಿತು. ಗೋಣಿ ಹೊತ್ತುಕೊಂಡು ಓಡಿದೆ. ಅವನು ಹೆಚ್ಚು ದಿನ ಮರೆಯಲ್ಲಿರಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ, ನಿಮಗೇಕೆ ಸುಮ್ಮನೆ ಚಿಂತೆ. ಮರುವಾರವೇ ಅಜ್ಜಿ ಒಂದು ಸಣ್ಣ ಹೊಗೆ ಬಿಟ್ಟಳು, ಚಿತ್ರ ಬಿತ್ತು, ಅವನೂ ಹೊರಬಿದ್ದ. ಅಂದು ಅಮ್ಮ ಅವನ ಬೇಕರಿಗೆ ಹೋಗಿ ಬ್ರೆಡ್ಡು ಕೇಳಿ ತೆಗೆದುಕೊಂಡು, ಅವನ ಕಣ್ಣೆದುರೇ ನಿಂತು ಪೂರ್ತಿ ತಿಂದಳು. ಮೆತ್ತಗಿದೆ ಎಂದೂ ಹೇಳಿದಳು. ಅದು ಸುಳ್ಳು.

ದಂಡೆಯ ಕಪ್ಪು ಮರಳಿನಲ್ಲಿ ಊರೆಲ್ಲ ಸೇರಿತ್ತು. ಹರಿವಾಣ, ದೊಡ್ಡ ತಟ್ಟೆ, ಮುಚ್ಚಳ, ಕ್ಷೌರದಂಗಡಿಯ ಕನ್ನಡಿ, ಯಾರದೋ ಮದುವೆಯಲ್ಲಿ ಬಂದ ಹಿತ್ತಾಳೆಯ ಪರಾತ. ಕೆಲವರಿಗೆ ಒಳಗೊಳಗೇ ಹೆದರಿಕೆಯಿತ್ತು. ಗಾಳಿ ಬೀಸಿ ಆ ಮೋಡ ಕೆಳಗಿಳಿದರೆ ಯಾರ ಮನೆಯೋ ಯಾರಿಗೆ ಗೊತ್ತು? ಆದರೂ ಒಬ್ಬರೂ ಹಿಂದೆ ಹೋಗಲಿಲ್ಲ. ಊರೆಂದರೆ ದಿನಬೆಳಗಾದರೆ ಜಗಳ, ಚಾಡಿ. ಅಂದು ಮಾತ್ರ ಇವರೆಲ್ಲ ನನ್ನವರು ಎನಿಸಿತು.

ಹಕ್ಕಿಗಳು ಒಂದೊಂದಾಗಿ ಇಳಿದವು. ಮರಳಿನ ಮೇಲೆ ಕಾಲು ಮಡಚಿ ಕೂತವು.

"ಈಗ!" ಎಂದರು ಸೆವ್ರಿನಾಬಾಯಿ.

ಎಲ್ಲರೂ ಹರಿವಾಣ ಮೇಲೆತ್ತಿ ಅಲ್ಲಾಡಿಸತೊಡಗಿದೆವು. ಬೆಳಕು ಒಬ್ಬರಿಂದ ಒಬ್ಬರಿಗೆ ಹಾರಿ ಕಣ್ಣು ಕೋರೈಸಿತು. ಕೈ ಸೋತು ಬಂತು. ಮೇಲೆ ನೀಲಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಲ್ಲಿ ಯಾರೋ ಒಬ್ಬರು, ಗಂಡೋ ಹೆಣ್ಣೋ, ಕಿಟಕಿಯ ಹತ್ತಿರ ಬಂದು, ನಮ್ಮ ಇಡೀ ಬದುಕನ್ನು ಒಂದು ಮಿಣುಕೆಂದು ನೋಡಿ, ಕ್ಯಾಮೆರಾ ಎತ್ತಿಕೊಳ್ಳುತ್ತಿದ್ದಾರೆಂದು ನಾನು ನೆನೆಸಿಕೊಂಡೆ. ನೋಡಿ ಮಾರಾಯ್ರೇ, ಇಲ್ಲಿ ಜನ ಇದ್ದೇವೆ ಎಂದು ಮನಸ್ಸಿನಲ್ಲೇ ಕೂಗಿದೆ. ಹಕ್ಕಿಗಳು ಎದ್ದು ಹಾರಿದವು.

ಗೋದಾಮಿನ ಗೋಡೆಯ ಮೇಲೆ ಮೊದಲು ನೀಲಿ ಮೂಡಿತು, ಆಮೇಲೆ ಅಜ್ಜಿಯ ಕಪ್ಪು ಮೈ, ಅವಳ ಬಾಯಿ. ದಂಡೆಯ ಉದ್ದಕ್ಕೂ ಒಂದು ಎಳೆ ಹೊಳಪು. ಅದು ನಾವು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಅಜ್ಜಿಯ ಮಂಡಿಯ ಮೇಲೆ ಅವಲಕ್ಕಿ ಕಾಳಿನಷ್ಟು ಬಿಳಿ. ಅದು ಮೋನಪ್ಪಣ್ಣ. ಊರು ಮೂಡುವಷ್ಟರಲ್ಲಿ ಅಮ್ಮ ಎಲ್ಲರನ್ನೂ ತಳ್ಳಿಕೊಂಡು ಹೋಗಿ ಗೋಡೆಗೆ ಮೂಗು ತಾಗಿಸಿ ನಿಂತಿದ್ದಳು. ಸಾಸಿವೆಯಷ್ಟಷ್ಟೇ ಮನೆಗಳು. ಕೇರಿಯ ತುದಿಯಿಂದ ಬೆರಳಿಟ್ಟು ಒಂದೊಂದೇ ಮನೆಯ ಹೆಸರು ಹೇಳುತ್ತಾ ಬಂದಳು. ನಮ್ಮ ಮನೆಯ ಹತ್ತಿರ ಬಂದಾಗ ಅವಳ ಬೆರಳು ನಿಂತಿತು.

"ಜಲಜಾ, ನೀನು ನೋಡು. ನನ್ನ ಕಣ್ಣು ಮಂಜು."

ನಾನು ನೋಡಿದೆ. ಕೆಂಪಿತ್ತು. ಕೆಮ್ಮಣ್ಣು ಸಾರಿಸಿದ ತಾರಸಿ, ಬಿಳಿಯ ಒಂದು ನೂಲೂ ಇಲ್ಲದೆ.

"ತೆಗ್ದಿದ್ದಾರಮ್ಮಾ" ಎಂದೆ. "ಅಪ್ಪ ಪಂಚೆ ತೆಗ್ದಿದ್ದಾರೆ!"

ಅಮ್ಮ ಓಡಿದಳು. ಮಂಡಿನೋವು, ಸೊಂಟನೋವು ಎಂದು ದಿನವೂ ನರಳುವವಳು ನನಗಿಂತ ಮುಂದೆ ಓಡಿದಳು. ಹಿಂದೆ ಸೆವ್ರಿನಾಬಾಯಿ, ಚೀಲದೊಳಗಿನ ಕತ್ತರಿ ಕಣಕಣ ಎನ್ನುತ್ತಾ. ಎರಡು ಗೇಟುಗಳ ನಡುವೆ ನಮ್ಮ ಗೇಟು ಬಂದು ನಿಂತಿತ್ತು, ಎಲ್ಲಿಗೂ ಹೋಗಿಯೇ ಇಲ್ಲದ ಹಾಗೆ. ಅಂಗಳದಲ್ಲಿ ನೀರಿನ ಹಂಡೆ, ಕಂಬಕ್ಕೆ ಅರ್ಧ ನೇಯ್ದ ಬಲೆ. ಬಾಗಿಲು ಹಾಕಿತ್ತು.

ಒಳಗಿನಿಂದ ಒಂದು ಸದ್ದೂ ಇರಲಿಲ್ಲ. ಅಳುವಿಲ್ಲ, ನರಳಾಟವಿಲ್ಲ. ಓಡಿ ಬಂದ ಅಮ್ಮ ಮೆಟ್ಟಿಲ ಕೆಳಗೆ ನಿಂತುಬಿಟ್ಟಳು. ಊರಿನ ಯಾರ ಬಾಗಿಲನ್ನಾದರೂ ಕೇಳದೆ ದೂಡುವವಳು ತನ್ನ ಮನೆಯ ಬಾಗಿಲು ಮುಟ್ಟಲಾರದೆ ನನ್ನ ಕೈ ಹಿಡಿದುಕೊಂಡಳು. ನನಗೂ ಮುಂದೆ ಹೋಗುವ ಧೈರ್ಯವಾಗಲಿಲ್ಲ. ಸೆವ್ರಿನಾಬಾಯಿ ಶಿಲುಬೆಯ ಗುರುತು ಮಾಡಿಕೊಂಡು, ಹೋಗಿ ಕದ ತಟ್ಟಿದರು.

"ಯಾರು?" ಅಪ್ಪನ ದನಿ.

"ನಾನು" ಎಂದಳು ಅಮ್ಮ. ಮತ್ತೊಮ್ಮೆ ಹೇಳಿದಳು. "ನಾನು ಬಂದದ್ದು."

"ಮೆಲ್ಲಗೆ ಮಾತಾಡು. ವನಜ ಈಗಷ್ಟೇ ನಿದ್ದೆ ಹೋದದ್ದು." ಅಪ್ಪ ಬಾಗಿಲು ತೆರೆಯಲಿಲ್ಲ. "ಕಾಲು ತೊಳ್ದು ಒಳಗೆ ಬಾ. ಮನೆಯಲ್ಲಿ ಮಗು ಉಂಟು."

ಹುಟ್ಟಿದಂದಿನಿಂದ ಯಾರ ಮಾತನ್ನೂ ಕೇಳದ ನನ್ನ ಅಮ್ಮ ಹಂಡೆಯ ಹತ್ತಿರ ಹೋಗಿ, ಸೀರೆ ಎತ್ತಿ ಹಿಡಿದು, ಅಳುತ್ತಾ, ಕಾಲು ತೊಳೆದುಕೊಂಡಳು. ಮೆಟ್ಟಿಲ ತನಕ ಬಂದವಳು ತಿರುಗಿ ಹೋಗಿ ಇನ್ನೊಮ್ಮೆ ತೊಳೆದುಕೊಂಡಳು.